ಎಡಗೈಯ ಉಕ್ಕಿನ ಗ್ಲೌಸು

ಸತ್ತವರು ಎದ್ದು ಬಂದು ಬದುಕಿದ್ದವರನ್ನು ಕಚ್ಚಲು ಶುರುಮಾಡಿದ ಮೇಲೆ ಊರೆಲ್ಲ ಬಾಗಿಲು ಹಾಕಿಕೊಂಡು ನಡುಗುತ್ತಿತ್ತು. ಕಚ್ಚಿಸಿಕೊಂಡವರೂ ಸತ್ತು ಹಾಗೆಯೇ ಎದ್ದು ಬರುತ್ತಿದ್ದರು. ಕಟುಕ ಮಾತ್ರ ಮೀಸೆ ತಿರುವುತ್ತಿದ್ದ. ಅವನ ಮಾಂಸದಂಗಡಿಗೆ ಕಬ್ಬಿಣದ ಬಾಗಿಲಿತ್ತು, ಚಾಕುಗಳು ಬೇಕಾದಷ್ಟಿದ್ದವು. ನಾಲಿಗೆಯಂತೂ ಚಾಕುಗಳಿಗಿಂತ ಹರಿತ; ಅದನ್ನು ಕೇಳಿ ಕೇಳಿ ಹೆಂಡತಿಯ ಮನಸ್ಸು ಜಡ್ಡುಗಟ್ಟಿತ್ತು.

ಒಳಗೆ ಬರುವವರು ಮೊದಲು ಎರಡೂ ಕೈಗಳನ್ನು ಕಿಟಕಿಗೆ ತೋರಿಸಬೇಕು ಎಂಬ ಕಾನೂನು ಅವನದೇ. ಒಂದು ದಿನ ನೀರು ತರಲು ಹೋದ ಬಾಮೈದ ಬೆರಳಲ್ಲಿ ರಕ್ತ ಸುರಿಸಿಕೊಂಡು ಬಂದ.

"ತಗಡು ತರಚಿದ್ದು ಭಾವ, ಅಕ್ಕನ ಆಣೆ!"

"ಗಾಯ ಅಂದ್ರೆ ಗಾಯ. ಹೋಗೋ ಆಚೆ."

ಅಕ್ಕ ಗಂಡನ ಕಾಲು ಹಿಡಿದಳು. ಒದ್ದ. ಸಂಜೆತನಕ ಬಾಗಿಲು ಬಡಿಯುತ್ತಿದ್ದ ಹುಡುಗ ಒಮ್ಮೆ ಕಿರುಚಿದ, ಆಮೇಲೆ ಸದ್ದಿಲ್ಲ. ಆ ಪಾಪಿ ಕಟುಕನಿಗೆ ಅವತ್ತು ಊಟವೂ ಚೆನ್ನಾಗಿಯೇ ಇಳಿಯಿತು.

ಮರುದಿನ ನೀರು ತಳ ಕಂಡಾಗ ತಾನೇ ಹೊರಡಬೇಕಾಯಿತು. ಮಾಂಸ ಕಡಿಯುವ ಮರದ ದಿಮ್ಮಿಯ ಮೇಲೆ ಹೆಂಡತಿ ಗ್ಲೌಸುಗಳನ್ನು ತಂದಿಟ್ಟಳು: ಪಾತ್ರೆ ತೊಳೆಯುವ ರಬ್ಬರಿನವು, ಪಕ್ಕದ ವೆಲ್ಡರ್ ಬಿಟ್ಟುಹೋದ ದಪ್ಪ ಚರ್ಮದವು, ಗಂಡನ ಕಸುಬಿನ ಒಂಟಿ ಉಕ್ಕಿನ ಬಲೆಯ ಗ್ಲೌಸು.

"ರಬ್ಬರ್ ಹಲ್ಲಿಗೆ ತಡ್ಯತ್ತಾ? ಚರ್ಮದ್ದು ಹಾಕ್ಕೊಂಡ್ರೆ ಚಾಕು ಹಿಡಿಯೋಕಾಗಲ್ಲ," ಎನ್ನುತ್ತ ಉಕ್ಕಿನದನ್ನು ಎಡಗೈಗೆ ಏರಿಸಿದ.

"ಬಲಗೈಗೆ?"

"ಥೂ, ತಲೆ ಇಲ್ಲದೋಳೆ! ಚಾಕು ಹಿಡಿದ ಕೈಗೆ ಯಾವ ಕಟುಕ ಗ್ಲೌಸ್ ಹಾಕ್ತಾನೆ?"

ಮಾತು ನಿಜವೇ. ಕಟುಕನಿಗೆ ಏನಿದ್ದರೂ ಭಯ ತನ್ನ ಚಾಕುವಿನದೇ. ಮಾಂಸ ಹಿಡಿದ ಕೈ ಉಳಿದರೆ ಸಾಕು. ಆದರೆ ಅವನು ಅಲ್ಲಿಯವರೆಗೆ ಕೊಯ್ದ ಮಾಂಸ ಯಾವತ್ತೂ ತಿರುಗಿ ಕಚ್ಚಿರಲಿಲ್ಲ.

ನಲ್ಲಿಯ ಬಳಿ ಮೇಲೆರಗಿದ ಮೊದಲನೆಯವನ ಬಾಯಿಗೆ ಎಡಗೈ ಕೊಟ್ಟು, ಬಲಗೈಯಿಂದ ಇರಿದ. ಕೆಲಸ ಸಲೀಸಾಯಿತು. ಚಾಕು ಎಳೆಯುವಷ್ಟರಲ್ಲಿ ಹಿಂದಿನಿಂದ ಬಂದ ನೀಲಿ ಅಂಗಿಯವನು ಬಲ ಮಣಿಕಟ್ಟಿಗೆ ಬಾಯಿ ಹಾಕಿದ. ಅಂಗಿ ಬಾಮೈದನದು.

ಕೊಡ ಬಿಟ್ಟು ಓಡಿಬಂದ ಕಟುಕ ಕಿಟಕಿಗೆ ಎಡಗೈ ಮಾತ್ರ ತೋರಿಸಿದ.

"ಇನ್ನೊಂದು?" ಎಂದಳು.

"ಬಾಗಿಲು ತೆಗ್ಯೇ, ನಿನ್ನ ದಮ್ಮಯ್ಯ!"

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬರದ ಮಾತು. ಅದನ್ನು ಕೇಳಿ ಅವಳಿಗೆ ಖುಷಿಯೇ ಆಯಿತು.

"ಗ್ಲೌಸ್ ರಕ್ತ ಆಗಿದೆ. ಮೊದ್ಲು ಅದನ್ನ ಕಿಟಕೀಲಿ ಕೊಡಿ, ಆಮೇಲೆ ತೆಗೀತೀನಿ."

ಬಿಚ್ಚಿ ಕೊಟ್ಟ. ಕೊಡುವಾಗ ಬಲ ಮಣಿಕಟ್ಟಿನ ಗಾಯ ಕಂಡಿತು.

"ಯಾರು ಕಚ್ಚಿದ್ದು?"

"ನಿನ್ನ ತಮ್ಮ!"

"ಒಳಗಿದ್ದಿದ್ರೆ ಕಚ್ತಿರ್ಲಿಲ್ಲ," ಎಂದು ಕಿಟಕಿ ಮುಚ್ಚಿದಳು.

ಬಾಗಿಲು ಬಡಿಯುವ ಸದ್ದು ಬಹಳ ಹೊತ್ತು ಇತ್ತು. ಅವಳು ದಿನವೂ ತೊಳೆಯುತ್ತಿದ್ದ ಹಾಗೆಯೇ ಗ್ಲೌಸನ್ನು ತೊಳೆದಳು. ಮಗುಚಿದರೆ ಅದು ಬಲಗೈಗೂ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಎಡಗೈಗೆ ವೆಲ್ಡರನ ಚರ್ಮದ್ದನ್ನೂ ಬಲಗೈಗೆ ಅದನ್ನೂ ಹಾಕಿಕೊಂಡು, ಪಟ್ಟಿ ಬಿಗಿದು, ಚಾಕು ಹಿಡಿದು, ನೀರಿಗೆ ಹೊರಡಲು ಹೊರಗೆ ಅವನ ಕೂಗು ನಿಲ್ಲುವುದನ್ನೇ ಕಾಯುತ್ತ ಕೂತಳು.