ಹುಳುಮನೆಯ ಬಾಗಿಲಲ್ಲಿ ಶಾಮಲಮ್ಮ

ಬೆಳಗಿನ ಜಾವ ಐದಕ್ಕೆ ಇನ್ನೂ ಐದು ನಿಮಿಷವಿದೆ. ಹುತ್ತೂರು ಬಳಿಯ ತೋಟವೊಂದರಲ್ಲಿ, ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಿಗೆ ಅಡ್ಡಲಾಗಿ ಶಾಮಲಮ್ಮ ನಿಂತಿದ್ದಾರೆ. ಒಳಗೆ ಹೋಗುವವರು ಮೊದಲು ಸುಣ್ಣದ ನೀರಿನಲ್ಲಿ ಕಾಲು ಅದ್ದಬೇಕು, ಆಮೇಲೆ ಆಕೆಯ ಮುಂದೆ ಬಾಯಿ ತೆರೆದು ಉಸಿರು ಬಿಡಬೇಕು. ನಾನೂ ಬಿಟ್ಟೆ. "ಕಾಫಿ. ಹೋಗಿ ಸಾಮಿ," ಎಂದರು. ಸದ್ಯ, ಪಾಸಾದೆ.

ಬೀಡಿ, ಹೊಗೆಸೊಪ್ಪಿನ ಸೋಂಕು ತಾಗಿದರೆ ಹುಳು ಸಾಯುತ್ತದೆಂಬುದು ಈ ಕಡೆ ಮಕ್ಕಳಿಗೂ ಗೊತ್ತು. ಹೆಂಡದ ವಾಸನೆಗೂ ಸಾಯುತ್ತದೆಯೇ? "ಅದು ನಂಗೊತ್ತಿಲ್ಲ. ಕುಡ್ದೋನು ಸೊಪ್ಪು ಹಾಕೋ ಹೊತ್ತು ಮರೀತಾನೆ, ಹುಳು ಉಪವಾಸ ಬೀಳ್ತವೆ. ಅಷ್ಟು ಗೊತ್ತು."

ಐವತ್ನಾಲ್ಕರ ಶಾಮಲಮ್ಮ ಇಲ್ಲಿ ಕೂಲಿಯವರು, ತೋಟ ಚನ್ನರಾಯಪ್ಪನವರದು. ಆದರೂ ಈ ಬಾಗಿಲಲ್ಲಿ ಯಜಮಾನಿಕೆ ಆಕೆಯದೇ. ಕುಡಿತ ಬಿಡಲು ಹೊರಟವರಿಗೆ ಆಕೆ ಒಂದು ಬೆಳೆಯ ಕೆಲಸ ಕೊಡಿಸುತ್ತಾರೆ: ಹುಳು ಗೂಡು ಕಟ್ಟುವವರೆಗೆ, ಸುಮಾರು ಇಪ್ಪತ್ತೈದು ದಿನ, ಹೊತ್ತು ಹೊತ್ತಿಗೆ ಸೊಪ್ಪು. ಒಂಬತ್ತು ವರ್ಷದಲ್ಲಿ ಮೂವತ್ತೊಂದು ಜನ ಬಂದಿದ್ದಾರೆ. ಹನ್ನೆರಡು ಮಂದಿ ಇವತ್ತಿಗೂ ಮುಟ್ಟಿಲ್ಲ. ಮಿಕ್ಕವರು? "ಮತ್ತೆ ಬರ್ತಾರೆ. ನಾನೇನು ಊರು ಬಿಟ್ಟು ಹೋಗಿಲ್ವಲ್ಲ."

ಕುಡಿಯದಿದ್ದರೆ ಕೈ ನಡುಗುವವರನ್ನು ಮಾತ್ರ ಆಕೆ ಮೊದಲು ಕರೆದೊಯ್ಯುವುದು ಕೋಲಾರದ ಆಸ್ಪತ್ರೆಗೆ. ಕಾರಣ, ಆಕೆಯ ತಮ್ಮ ಆಂಜಿನಪ್ಪ. ದಿನವೂ ಕುಡಿಯುತ್ತಿದ್ದ ಅವನಿಂದ ಗ್ರಾಮದೇವತೆಯ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿ ಬೀಗ ಹಾಕಿದ್ದರು. ಮೂರನೆಯ ದಿನ, ಗೋಡೆ ತುಂಬ ಇರುವೆ ಎಂದು ಅವನು ಕಿರುಚಿದ. "ನಾಟ್ಕ ಆಡ್ತಾನೆ ಅಂದ್ಕೊಂಡೆ. ಕಿಟ್ಕೀಲಿ ಪಾನಕ ಕೊಟ್ಟೆ. ಬೀಗ ತೆಗೀಲಿಲ್ಲ." ಸಂಜೆಗೆ ಫಿಟ್ಸ್ ಬಂತು, ಕೋಲಾರ ತಲುಪುವ ಮೊದಲೇ ಜೀವ ಹೋಯಿತು. ದಿನಾ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು, ಬಿಡಿಸುವುದಕ್ಕೂ ವೈದ್ಯರು ಬೇಕು ಎಂದು ಡಾಕ್ಟರ್ ಹೇಳಿದ್ದು ಆಮೇಲೆ. "ನಂಗೆ ಯಾರೂ ಹೇಳಿರ್ಲಿಲ್ಲ. ಅದಕ್ಕೇ ನಾನು ಎಲ್ಲಾರ್ಗೂ ಹೇಳ್ತೀನಿ."

ಈ ಬೆಳೆ ಮುನೇಶನದು. ನರಸಾಪುರದಲ್ಲಿ ಕಂಪನಿ ಬಸ್ ಓಡಿಸುತ್ತಿದ್ದವನು, ಕುಡಿದು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ. ಆಸ್ಪತ್ರೆ ಮುಗಿಸಿ ಇಲ್ಲಿಗೆ ಬಂದಿದ್ದಾನೆ. ಒಂದು ಬೆಳೆ ಪೂರಾ ಮಾಡಿದರೆ ಮನೆಗೆ ಬರುತ್ತೇನೆಂದು ಹೆಂಡತಿ ದಿವ್ಯ ತವರಿನಲ್ಲಿ ಕೂತಿದ್ದಾಳೆ. ಇಂದು ಇಪ್ಪತ್ತನೇ ದಿನ. ಹುಳುಗಳು ನಾಲ್ಕನೇ ಪೊರೆ ಬಿಟ್ಟು ಹಸಿದಿವೆ. ನಿನ್ನೆ ರಾತ್ರಿ ಅವನು ನೆಂಟರ ಮನೆಯ ಬಾಡೂಟಕ್ಕೆ ಹೋಗಿದ್ದ, ಅಂಥಲ್ಲಿ ಹೆಂಡವೂ ಇರುತ್ತದೆ. ಐದಕ್ಕೆ ಸೊಪ್ಪು ಹಾಕಬೇಕಿತ್ತು, ಗಂಟೆ ಐದೂಕಾಲಾದರೂ ಮುನೇಶನಿಲ್ಲ.

"ನಿನ್ ಶಿಷ್ಯ ಅಲ್ಲೇ ಮಲಗವ್ನೆ ಬಿಡಮ್ಮ," ಎಂದು ಚನ್ನರಾಯಪ್ಪ ಕೆಣಕುತ್ತಾರೆ. ಶಾಮಲಮ್ಮ ಸೊಪ್ಪಿನ ಬುಟ್ಟಿ ಎತ್ತುತ್ತಾರೆ, ಮತ್ತೆ ಇಳಿಸಿ ದಾರಿ ನೋಡುತ್ತಾರೆ.

ಐದೂವರೆಗೆ ಅವನು ಏದುಸಿರು ಬಿಡುತ್ತಾ ಬರುತ್ತಾನೆ. ಪ್ಯಾಂಟೆಲ್ಲ ಕೆಸರು.

"ಏಮಿರಾ, ಇಷ್ಟೊತ್ತಾ?" ಶಾಮಲಮ್ಮ ತೆಲುಗು ಬೆರೆಸಿ ಗದರುತ್ತಾರೆ.

"ಬಸ್‌ಸ್ಟ್ಯಾಂಡ್ ಹತ್ರ ವೈನ್ಸ್ ಅಂಗಡಿ ಹಿಂದ್ಲ ಬಾಗ್ಲು ಆಗ್ಲೇ ತೆಗ್ದಿದ್ರು ಅಕ್ಕ. ಕಾಲು ಆ ಕಡೆಗೇ ಎಳೀತು. ಕೆರೆ ಸುತ್ಕೊಂಡು ಬಂದೆ."

ಕೇಳುವ ಮೊದಲೇ ಬಾಯಿ ತೆರೆಯುತ್ತಾನೆ. ಶಾಮಲಮ್ಮ ಮೂಸುತ್ತಾರೆ. ಪಕ್ಕಕ್ಕೆ ಸರಿದು ಬುಟ್ಟಿಯನ್ನು ಅವನ ಕೈಗೆ ಕೊಡುತ್ತಾರೆ. ಕೈ ನಡುಗುವುದಿಲ್ಲ.

ನಿಮಗೇನು ಆಸೆಯಮ್ಮ ಎಂದು ಕೇಳಿದೆ. ಸೊಂಟದಿಂದ ಹುಳುಮನೆಯ ಬೀಗದ ಕೈ ತೆಗೆದು ತೋರಿಸಿದರು.

"ಮುಂದಿನ ಬೆಳೆಗೆ ಇದು ಇವನ ಹತ್ರಾನೇ ಇರ್ಲಿ. ಬಾಗ್ಲಲ್ಲಿ ಇವನೇ ನಿಂತ್ಕೊಳ್ಲಿ. ನಾನು ಹೊಗೆಸೊಪ್ಪು ಹಾಕ್ಕೊಂಡು ಬಂದ್ರೆ, ನನ್ನೂ ಆಚೆಗೆ ತಳ್ಳಲಿ!"