ಅಂಗಿಗಿಷ್ಟು, ಗುಂಡಿಗಿಷ್ಟು

ಬಟ್ಟೆ ಒಗೆದುಕೊಡುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಅನ್ನುತ್ತಿದ್ದರು. ಇಸ್ತ್ರಿ ಅವಳ ಕೆಲಸದಲ್ಲಿ ಒಂದು ಪಾಲು ಅಷ್ಟೇ. ಬಟ್ಟೆಯನ್ನು ಮೆಷಿನ್ನಿಗೆ ಹಾಕುವ ಮುಂಚೆ ಜೇಬು ತಡಕುವುದು, ಸಡಿಲವಾದ ಗುಂಡಿ ಬಿಗಿಯುವುದು, ಕಲೆ ಹೋಗಲಿಲ್ಲವೆಂದು ರೇಗುವವರನ್ನು ಸಮಾಧಾನ ಮಾಡುವುದು ಎಲ್ಲ ಅವಳ ತಲೆಗೇ. ಅವಳ ಕೈ ದಾಟಿದ ಬಟ್ಟೆ ದೂರು ಹೊತ್ತು ವಾಪಸು ಬಂದದ್ದಿಲ್ಲ. ಅವಳಿಗಿದ್ದ ಹೆಮ್ಮೆ ಅದೊಂದೇ.

ಯಜಮಾನರು ತಿಂಗಳ ಸಂಬಳ ಕೊಡುತ್ತಿದ್ದರು. ಅವರ ಅಳಿಯನಿಗೆ ಅದು ಸರಿಕಾಣಲಿಲ್ಲ. ಅಳಿಯ ಬುದ್ಧಿವಂತ, ಖರ್ಚು ಮಾಡುವ ಅವಕಾಶ ಸಿಗದೆ ಬುದ್ಧಿಯೆಲ್ಲ ಹಾಗೇ ಉಳಿದಿತ್ತು.

"ಮಾವ, ಅಂಗಿಗಿಷ್ಟು ಅಂತ ಕೊಟ್ಟು ನೋಡಿ. ಕೆಲಸ ಹೇಗೆ ಓಡುತ್ತೆ ಅಂತ!"

ಓಡಿತು. ಮನೆಬಾಡಿಗೆ ಅಂಗಿಗಳ ಮೇಲೆ ನಿಂತ ಮೇಲೆ ಜೇಬು ತಡಕಲು ಯಾರಿಗೆ ಪುರುಸೊತ್ತು? ವಕೀಲರ ಪೆನ್ನು ಜೇಬಿನಲ್ಲೇ ಕೂತು ಮೆಷಿನ್ನಿಗೆ ಹೋಯಿತು, ಜೊತೆಗಿದ್ದ ಬಿಳಿ ಬಟ್ಟೆಗಳೆಲ್ಲ ನೀಲಿಯಾಗಿ ಬಂದವು.

"ಅಕ್ಕ, ನಿಮ್ಮ ಕೈಯಿಂದ ಹೀಗಾಯ್ತಾ?" ಅಂದರು ವಕೀಲರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅಳಿಯ ಎದೆಗುಂದಲಿಲ್ಲ. ಜೇಬಿನಲ್ಲಿ ಸಿಕ್ಕ ವಸ್ತುವಿಗೂ ದರ ಕಟ್ಟಿದ. ಹರಿದ ಬಸ್ ಟಿಕೆಟು, ಮುರಿದ ಬೆಂಕಿಕಡ್ಡಿ, ಕೊನೆಗೆ ದಾರದ ಎಳೆಯೂ ವಸ್ತುವಾಯಿತು. ಗುಂಡಿಗೆ ದರ ಕಟ್ಟಿದ ಮೇಲಂತೂ ಅವಳ ಕಣ್ಣಿಗೆ ಬಿಗಿಯಾದ ಗುಂಡಿಯೇ ಬೀಳಲಿಲ್ಲ. ಹೊಸ ಅಂಗಿಯನ್ನೂ ಬಿಡಲಿಲ್ಲ. ಇಸ್ತ್ರಿಯಾಗದ ಬಟ್ಟೆ ಸೂರು ಮುಟ್ಟಿತು. ಸಮಾಧಾನ ಹೇಳುವುದಕ್ಕೆ ದರ ಕಟ್ಟಿರಲಿಲ್ಲವಾದ್ದರಿಂದ ಗಿರಾಕಿಗಳು ಗೋಡೆಯ ಜೊತೆ ಜಗಳವಾಡಿಕೊಂಡು ಹೋದರು.

ಯಜಮಾನರಿಗೆ ಸಾಕೋ ಸಾಕಾಯಿತು. "ನಾಳೆಯಿಂದ ಮೊದಲಿನ ಹಾಗೇ ಸಂಬಳ ಕಣಮ್ಮ. ನೀನೂ ಮೊದಲಿನ ಹಾಗೇ ಮಾಡ್ಕೊಂಡು ಹೋಗು."

ಅವಳಿಗೆ ಹೋದ ಜೀವ ಬಂದಂತಾಯಿತು. ಮರುದಿನ ಬೇಗನೆ ಬಂದು ಮೊದಲ ಅಂಗಿ ಎತ್ತಿಕೊಂಡಳು. ಜೇಬಿಗೆ ಕೈ ಹಾಕಿದಳು. ಖಾಲಿ. ಹಿಂದೆಲ್ಲ ಖಾಲಿ ಜೇಬು ಸಿಕ್ಕರೆ ಸದ್ಯ ಅಂದುಕೊಳ್ಳುತ್ತಿದ್ದವಳು. ಈಗ ಏನೋ ಕೈತಪ್ಪಿತು ಅನ್ನಿಸಿತು. ಇನ್ನೊಂದು ಜೇಬನ್ನೂ ಆಸೆಯಿಂದ ತಡಕಿದಳು. ಹಾಗೆ ತಡಕಿದ್ದಕ್ಕೆ ಅವಳಿಗೇ ನಾಚಿಕೆಯಾಗಿ ಕಣ್ಣು ತುಂಬಿತು.

"ಏನಮ್ಮ, ಏನಾದ್ರೂ ಸಿಕ್ತಾ?" ಅಂದರು ಯಜಮಾನರು.

"ಏನೂ ಇಲ್ಲ ಯಜಮಾನ್ರೇ," ಅಂದಳು, ಮತ್ತೊಮ್ಮೆ ತಡಕಿ ನೋಡಿ.