ಕಂಪನಿಯ ತಪ್ಪಲ್ಲ

ಟೀವಿಯಲ್ಲಿ ಚೆಂಡು ಗೋಲಿನ ಹತ್ತಿರ ಹೋಗಿ ಹಾಗೇ ನಿಂತುಬಿಟ್ಟಿತು. ಆಮೇಲೆ ಪರದೆ ಕಪ್ಪಾಯಿತು. ಟೀವಿಗೆ ಜೋಡಿಸಿದ್ದ ಗೇಮಿನ ಯಂತ್ರದ ಮುಂಭಾಗದ ಪುಟ್ಟ ದೀಪ ಮಿಟುಕತೊಡಗಿತು.

"ಒಂದ್ಸಲ ಆಫ್ ಮಾಡಿ ಹಾಕಕ್ಕ" ಎಂದ ತಮ್ಮ.

ಹಾಕಿದೆ. ಮತ್ತೆ ಹಾಗೇ ಮಿಟುಕಿತು. ಪ್ಲಗ್ ಕಿತ್ತು ಬೇರೆ ಕಡೆ ಚುಚ್ಚಿದೆ. ಅವನು ಕೈಯಲ್ಲಿದ್ದ ರಿಮೋಟನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಂಚದ ಕಂಬಿ ಹಿಡಿದು, ಮೈಯ ಮೇಲರ್ಧವನ್ನು ಎಳೆದುಕೊಂಡು, ಗೋಡೆಯ ಕಡೆ ಹೊರಳಿದ. ಕಾಲುಗಳು ಹಿಂದೆಯೇ ಉಳಿದವು. ಅವನ್ನು ಸರಿಮಾಡಲು ಅಮ್ಮ ಒಳಗಿನಿಂದ ಬಂದಳು.

ಇದನ್ನು ಇಷ್ಟು ಸ್ಪಷ್ಟವಾಗಿ ನೆನೆಯುತ್ತಿರುವುದೇ ನನಗೆ ಅನುಮಾನ ತರಿಸುತ್ತದೆ. ಆ ದಿನದ ನನ್ನ ದಿನಚರಿಯಲ್ಲಿ "ಗೇಮು ಕೆಟ್ಟಿತು" ಎಂಬುದರ ಹೊರತು ಇನ್ನೇನೂ ಇಲ್ಲ. ಚೆಂಡು ಗೋಲಿನ ಹತ್ತಿರ ನಿಂತದ್ದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು. ಅವನು ಗೋಡೆಯ ಕಡೆ ಹೊರಳಿದ್ದು ಮಾತ್ರ ನಿಜ. ಯಾಕೆಂದರೆ ಅದರ ಅರ್ಥ ನನಗೂ ಅಮ್ಮನಿಗೂ ಗೊತ್ತಿತ್ತು.

ತಮ್ಮ ಕಳಸದಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ. ಸಂಸೆಯಲ್ಲಿ ಜನರನ್ನು ಇಳಿಸಿ ಖಾಲಿ ಬರುವಾಗ ತಿರುವಿನಲ್ಲಿ ಜೀಪು ಕೆಳಗೆ ಹೋಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅವನ ಬೆನ್ನು ಮುರಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದಾಗ ನಾನು ಮೂಡಿಗೆರೆಯ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದೆ. ಅಮ್ಮನನ್ನೂ ಅವನನ್ನೂ ನನ್ನ ಬಾಡಿಗೆ ಮನೆಗೇ ಕರೆತಂದೆ. ಬಂದವನು ಗೋಡೆ ನೋಡುತ್ತಾ ಮಲಗಿದ. ಸುಮಾರು ಒಂದು ವರ್ಷ ಹಾಗೇ ಮಲಗಿದ. ಬಾಯಿ ಬಿಡಿಸಿ ತುತ್ತಿಡಬೇಕಿತ್ತು. ಬೆನ್ನಿನಲ್ಲಿ ಹುಣ್ಣಾಗಿ, ಡಾಕ್ಟರು ನನ್ನನ್ನು ಹೊರಗೆ ಕರೆದು, "ಇವರು ಬದುಕಬೇಕು ಅಂತ ಮನಸ್ಸು ಮಾಡದೇ ಇದ್ರೆ ನಾವು ಏನು ಹಾಕಿದ್ರೂ ಅಷ್ಟೇ" ಎಂದಿದ್ದರು.

ಆಡುವ ಯಂತ್ರ ತರುವ ಯೋಚನೆ ಯಾರದು ಎಂದು ಮನೆಯಲ್ಲಿ ಈಗಲೂ ಒಮ್ಮತವಿಲ್ಲ. ವ್ಯಾಯಾಮ ಮಾಡಿಸುವವರು ಕೈಬೆರಳಿಗೆ ಕೆಲಸ ಕೊಡಿ ಅಂದದ್ದು ಹೌದು. ಬೆಂಗಳೂರಿಗೆ ಪರೀಕ್ಷೆ ಪೇಪರು ತಿದ್ದಲು ಹೋದಾಗ ಅಂಗಡಿಯಿಂದ ಬಿಲ್ಲು, ಗ್ಯಾರಂಟಿ ಸಮೇತ ತಂದವಳು ನಾನು. ಅದರ ಜೊತೆ ಎರಡು ಡಿಸ್ಕ್ ಬಂದಿದ್ದವು. ಒಂದು ಕಾರು ಓಡಿಸುವುದು. ಅದರ ಚಿತ್ರ ನೋಡಿದ್ದೇ, "ಇದನ್ನ ಯಾರಿಗಾದ್ರೂ ಕೊಟ್ಬಿಡು" ಎಂದ. ಇನ್ನೊಂದು ಫುಟ್‌ಬಾಲ್. ನಮ್ಮ ಕಡೆ ಹುಡುಗರೆಲ್ಲ ಆಡಿದ್ದು ವಾಲಿಬಾಲ್. ಫುಟ್‌ಬಾಲನ್ನು ಅವನು ನೆಟ್ಟಗೆ ನೋಡಿದವನೂ ಅಲ್ಲ. ಅದೇ ಹಿಡಿಸಿತು. ಮೊದಮೊದಲು ಮಲಗಿಕೊಂಡೇ ಒತ್ತುತ್ತಿದ್ದ. ಆಮೇಲೆ ದಿಂಬು ಕೇಳಿದ. ಆಮೇಲೆ ಇನ್ನೊಂದು ದಿಂಬು. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಕೂತುಕೊಂಡು ಯಾರನ್ನೋ ಬೈಯುತ್ತಿದ್ದ.

"ಪಾಸ್ ಕೊಡೋ ಅಂದ್ರೆ ಸಂತೆಗೆ ಹೋಗ್ತಾನಲ್ಲ, ಎಂತ ಮಾಡದು ಇವನಿಗೆ!"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಿದ್ದಳು.

ಆ ಆಟದಲ್ಲಿ ಸ್ವಂತ ತಂಡ ಕಟ್ಟಬಹುದಿತ್ತು. ಆಟಗಾರರಿಗೆ ಅವನು ಕಳಸದ ಸ್ಟ್ಯಾಂಡಿನ ಜೀಪು ಡ್ರೈವರುಗಳ ಹೆಸರಿಟ್ಟ. ಆಸ್ಪತ್ರೆಯಲ್ಲಿ "ಮುಂದಿನ ವಾರ ಬತ್ತೀವಿ ಮಾರಾಯ, ಎಂತ ಬೇಕು ಹೇಳು" ಅಂದು ಹೋದವರು ಅವರೆಲ್ಲ. ಒಬ್ಬರೂ ಬಂದಿರಲಿಲ್ಲ. ಜೀಪಿನ ಮಾಲೀಕರು ಒಂದು ಸಲ ಬಂದು ಕಾಫಿ ಕುಡಿದು ಹೋಗಿದ್ದರು. ಹೆಸರಿಟ್ಟದ್ದು ಸಿಟ್ಟಿನಿಂದಲೋ ಆಸೆಯಿಂದಲೋ ನನಗೆ ತಿಳಿಯಲಿಲ್ಲ. ಗೋಲು ಹೊಡೆದಾಗ ಹೆಸರು ಹಿಡಿದು ಕೂಗಿ ಹೊಗಳುತ್ತಿದ್ದ.

ಕೆಡುವುದಕ್ಕೆ ಮುಂಚೆ ಯಂತ್ರ ಆಗಾಗ ತಡವರಿಸುತ್ತಿತ್ತು. ಆಗ ಆಷಾಢ. ನಮ್ಮಲ್ಲಿ ಆ ತಿಂಗಳುಗಳಲ್ಲಿ ಏನು ಕೆಟ್ಟರೂ ಕಾರಣ ಒಂದೇ. ಚಪ್ಪಲಿಗೆ, ಪುಸ್ತಕಕ್ಕೆ, ಗೋಡೆಯ ದೇವರ ಪಟಕ್ಕೆ ಬೂಷ್ಟು ಬರುತ್ತದೆ. ಅದಕ್ಕೆಂದೇ ಪ್ರತಿ ಮನೆಯಲ್ಲೂ ಒಂದು ಬಲ್ಬಿನ ಪೆಟ್ಟಿಗೆ ಇರುತ್ತದೆ. ಮರದ ಪೆಟ್ಟಿಗೆ ಅಥವಾ ಹಳೆಯ ಬೀರು. ಒಳಗೆ ಹಗಲೂ ರಾತ್ರಿ ಬಲ್ಬು ಉರಿಯುತ್ತಿರುತ್ತದೆ. ಹಪ್ಪಳ, ಕ್ಯಾಮೆರಾ, ರೇಷ್ಮೆ ಸೀರೆ, ನನ್ನ ಮಾರ್ಕ್ಸ್ ಕಾರ್ಡು ಎಲ್ಲವೂ ಮಳೆಗಾಲ ಕಳೆಯುವುದು ಅದರೊಳಗೇ.

"ಥಂಡಿ ಹಿಡ್ದದೆ ಅದಕ್ಕೆ" ಎಂದಳು ಅಮ್ಮ.

ನನಗೂ ಹಾಗೇ ಅನ್ನಿಸಿತು, ಅವನಿಗೂ ಹಾಗೇ ಅನ್ನಿಸಿತು. ಆಟ ಮುಗಿದ ಕೂಡಲೇ ಅಮ್ಮ ಅದನ್ನು ಕಂಬಳಿ ಚೂರಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಮುಟ್ಟಿದರೆ ಕೈಗೆ ಬೆಚ್ಚಗೆ ಹತ್ತುತ್ತಿತ್ತು. ಅದು ಒಳ್ಳೆಯ ಲಕ್ಷಣ ಎಂದೇ ತಿಳಿದಿದ್ದೆವು. ತಡವರಿಕೆ ಹೆಚ್ಚಾಯಿತು. ಅಮ್ಮ ಬಲ್ಬು ಬದಲಾಯಿಸಿ ದೊಡ್ಡದು ಹಾಕಿದಳು. ಒಂದು ದಿನ ಯಂತ್ರ ನಿಂತೇಹೋಯಿತು.

ಅವನು ಹೊರಳಿದ ಮಾರನೆಯ ದಿನವೇ ನಾನು ಕಂಪನಿಯ ನಂಬರಿಗೆ ಫೋನು ಮಾಡಿದೆ. ತುಂಬ ಹೊತ್ತು ಸಂಗೀತ ಕೇಳಿಸಿ, ಕೊನೆಗೊಬ್ಬ ಬಂದ. ದೂರದ ಯಾವುದೋ ಊರಿನವನು. ಇಂಗ್ಲಿಷಿನಲ್ಲಿ ಶುರುಮಾಡಿ ಹಿಂದಿಗೆ ತಿರುಗಿದ. ದೀಪ ಹೇಗೆ ಮಿಟುಕುತ್ತದೆ ಎಂದು ಕೇಳಿದ. ನಾನು ಹೇಳಿದ್ದು ಅವನಿಗೆ ತೃಪ್ತಿಯಾಗಲಿಲ್ಲ. ಆಡುತ್ತಿದ್ದವರನ್ನು ಕೊಡಿ ಎಂದ. ವೈರು ಎಳೆದು ಫೋನನ್ನು ಮಂಚದವರೆಗೆ ಒಯ್ದೆ. ತಮ್ಮ ತೆಗೆದುಕೊಳ್ಳುವುದಿಲ್ಲ ಎಂದುಕೊಂಡಿದ್ದೆ. ತೆಗೆದುಕೊಂಡ. ಟೂರಿಸ್ಟರ ಜೊತೆ ಕಲಿತ ಹಿಂದಿಯಲ್ಲಿ ಉತ್ತರ ಕೊಟ್ಟ. ಯಾವ ಆಟ ಎಂದು ಅವನು ಕೇಳಿರಬೇಕು, ಇವನು ಫುಟ್‌ಬಾಲ್ ಅಂದ. ತಂಡ ಯಾವುದು ಎಂದಿರಬೇಕು, ಇವನು "ಅಪನಾ ಟೀಮ್" ಎಂದು ನಕ್ಕ.

ಫೋನಿಟ್ಟ ಮೇಲೆ, "ಸರ್ ಅಂದ ಕಣಕ್ಕ ನಂಗೆ" ಎಂದ. "ಹೊಸ್ದೇ ಕಳಿಸ್ತಾರಂತೆ. ಇದನ್ನ ವಾಪಸ್ ಕಳಿಸ್ಬೇಕಂತೆ. ಎಲ್ಲಿಟ್ಟಿದ್ರಿ, ಏನ್ ಮಾಡಿದ್ರಿ, ಒಂದೂ ಕೇಳ್ಲಿಲ್ಲ."

ನಮ್ಮನ್ನು ಯಾರೂ ಹಾಗೆ ನಂಬಿರಲಿಲ್ಲ. ಜೀಪಿನ ವಿಮೆಯವರು ಅವನು ಕುಡಿದಿದ್ದನೇ ಎಂದು ಮೂರು ಬಗೆಯಲ್ಲಿ ಕೇಳಿದ್ದರು.

ಹಳೆಯದನ್ನು ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಒಯ್ದು ಕೊರಿಯರ್‌ಗೆ ಕೊಟ್ಟೆ. ಆಮೇಲೆ ಕಾಯುವುದು. ಗುಡ್ಡ ಕುಸಿದು ರಸ್ತೆ ಎರಡು ಸಲ ಬಂದ್ ಆಯಿತು. ಫೋನು ಮಾಡಿದರೆ ಬೇರೆ ಬೇರೆ ದನಿಗಳು "ಪ್ರೊಸೆಸ್‌ನಲ್ಲಿದೆ ಮೇಡಂ" ಅನ್ನುತ್ತಿದ್ದವು. ಮೊದಲ ವಾರ ಅವನು ಬಾಗಿಲ ಕಡೆ ಮುಖಮಾಡಿ ಮಲಗಿದ. ಎರಡನೆಯ ವಾರ ಛಾವಣಿಯ ಕಡೆ. ಆಮೇಲೆ ಗೋಡೆಯ ಕಡೆ. ಅನ್ನ ಅರ್ಧಕ್ಕಿಳಿಯಿತು, ಕಾಲು ಭಾಗಕ್ಕಿಳಿಯಿತು. ಬೆನ್ನಿನ ಹಳೆಯ ಹುಣ್ಣಿನ ಜಾಗ ಮತ್ತೆ ಕೆಂಪಾಯಿತು.

"ಏಳು ಮಾರಾಯ, ಒಂದು ತುತ್ತು. ನಿಂಗೆ ಕೈ ಮುಗಿತೀನಿ" ಅನ್ನುತ್ತಿದ್ದಳು ಅಮ್ಮ. ಒಂದು ದಿನ ತಟ್ಟೆ ನೆಲಕ್ಕೆ ಕುಕ್ಕಿ, "ನಾನೂ ನಿನ್ನ ಪಕ್ಕ ಗೋಡೆ ನೋಡ್ಕಂಡು ಮಲಗ್ತೀನಿ, ಇಬ್ರನ್ನೂ ಒಟ್ಟಿಗೆ ಎತ್ತಲಿ ಇವಳು" ಎಂದಳು. ಅವನು ಕದಲಲಿಲ್ಲ.

ಅದೇ ದಿನಗಳಲ್ಲಿ ನಾನು ಅಂತಿಮ ಬಿ.ಕಾಂ. ತರಗತಿಗೆ ಗ್ರಾಹಕ ನಿಷ್ಠೆಯ ಪಾಠ ಮಾಡಬೇಕಿತ್ತು. ದೂರು ಕೊಟ್ಟು ಒಳ್ಳೆಯ ಪರಿಹಾರ ಪಡೆದ ಗ್ರಾಹಕ, ಯಾವತ್ತೂ ದೂರೇ ಇಲ್ಲದವನಿಗಿಂತ ಕಂಪನಿಗೆ ಹೆಚ್ಚು ಅಂಟಿಕೊಳ್ಳುತ್ತಾನೆ ಎಂದು ಪಠ್ಯದಲ್ಲಿತ್ತು. ವರ್ಷವರ್ಷವೂ ಅದನ್ನು ಹೇಳಿ ಮುಂದಿನ ಪುಟ ತಿರುಗಿಸಿದ್ದೆ. ಆ ವರ್ಷ ವಾಕ್ಯದ ಅರ್ಧಕ್ಕೇ ಪುಸ್ತಕ ಮುಚ್ಚಿದೆ. ತಲೆನೋವು ಎಂದು ಮಕ್ಕಳಿಗೆ ಹೇಳಿ ಕೂತೆ.

ಯಂತ್ರ ಬಂತು. ಕೊರಿಯರಿನವರು ಮನೆಗೆ ಬರದೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದರು. ಎದೆಗವಚಿಕೊಂಡು ತಂದೆ. ಜೋಡಿಸಿ ಹಾಕಿದೆ. ಪರದೆ ಬೆಳಗಿತು. ಆದರೆ ಆಟದೊಳಗೆ ಅವನ ತಂಡವಿರಲಿಲ್ಲ. ಅದು ಹಳೆಯ ಯಂತ್ರದ ಹೊಟ್ಟೆಯಲ್ಲಿತ್ತು. ಅವನು ಖಾಲಿ ಪಟ್ಟಿಯನ್ನು ನೋಡುತ್ತಿದ್ದ. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಅದಕ್ಕವರು ಎಂತ ಮಾಡ್ತಾರೆ" ಎಂದ. "ಕೊಡ್ತೀವಿ ಅಂದ್ರು, ಕೊಟ್ರು." ಮೊದಲ ಆಟಗಾರನಿಗೆ ಹೆಸರಿಡತೊಡಗಿದ. ಈ ಸಲ ಡ್ರೈವರುಗಳ ಹೆಸರಿಡಲಿಲ್ಲ.

ಅಲ್ಲಿಂದ ಮುಂದೆ ಅವನೆದುರು ಆ ಕಂಪನಿಯ ಬಗ್ಗೆ ಅರ್ಧ ಮಾತಾಡುವ ಹಾಗಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಒಮ್ಮೆ, "ಅಷ್ಟು ಬೇಗ ಕೆಡೋ ಸಾಮಾನು ಯಾಕ್ರೀ ಮಾಡ್ತಾರೆ?" ಅಂದದ್ದಕ್ಕೆ ಇವನು ಎರಡು ದಿನ ಅವರ ಮುಖ ನೋಡಲಿಲ್ಲ. ನಮ್ಮ ಟೀವಿಯೂ ಅದೇ ಕಂಪನಿಯದಾಗಬೇಕೆಂದ. ನನಗೆ ನಗು ಬರಬೇಕಿತ್ತು; ಭಯವಾಯಿತು. ಕೊಟ್ಟ ಮಾತು ಉಳಿಸಿಕೊಂಡವರು ಅವನ ಲೆಕ್ಕದಲ್ಲಿ ಅವರೊಬ್ಬರೇ. ಅನ್ನ ಬೇಯಿಸುವ ಅಮ್ಮ, ಹುಣ್ಣು ತೊಳೆಯುವ ನಾನು ಆ ಲೆಕ್ಕದಲ್ಲಿ ಬರುತ್ತಿದ್ದೆವೋ ಇಲ್ಲವೋ. ಇದು ನನ್ನ ಆಗಿನ ಯೋಚನೆಯೋ, ಈಗ ಬರೆಯುವಾಗ ಹುಟ್ಟಿದ ಹೊಟ್ಟೆಕಿಚ್ಚೋ, ಗೊತ್ತಿಲ್ಲ.

ಹೊಸದರ ಜೊತೆ ಬಂದ ಪುಸ್ತಿಕೆಯನ್ನು ಈ ಸಲ ಪೂರ್ತಿ ಓದಿದೆ. ಯಂತ್ರಕ್ಕೆ ಆಗದಿರುವುದು ಬಿಸಿ. ಸುತ್ತ ಗಾಳಿಯಾಡಬೇಕು, ಬಟ್ಟೆ ಮುಚ್ಚಬಾರದು ಎಂದಿತ್ತು. ಅಮ್ಮನಿಗೆ ಮೆಲ್ಲಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗಿ, "ಹಂಗಾರೆ ನಾನೇ ಬೇಯಿಸಿಬಿಟ್ನಾ ಅದನ್ನ?" ಎಂದಳು. ಬೇರೆ ಕಡೆಯೂ ಇದೇ ಥರ ಕೆಟ್ಟಿವೆಯಂತೆ, ಬಲ್ಬಿನಿಂದಲೇ ಎಂದು ಹೇಳಲಾಗದು ಎಂದೆ. ತಮ್ಮನಿಗೆ ಇಬ್ಬರೂ ಏನೂ ಹೇಳಲಿಲ್ಲ. ಪುಸ್ತಿಕೆಯನ್ನು ಅವನೇ ಓದಿಕೊಂಡ. ಹೊಸ ಯಂತ್ರ ಒಂದು ದಿನವೂ ಪೆಟ್ಟಿಗೆಯೊಳಗೆ ಹೋಗಲಿಲ್ಲ. ಸ್ಟೂಲಿನ ಮೇಲೆ ಬಯಲಲ್ಲೇ ಇರುತ್ತಿತ್ತು. ಮಳೆಗಾಲದ ಚಳಿಯಲ್ಲೂ ಅಮ್ಮ ಅದಕ್ಕೆ ಟೇಬಲ್ ಫ್ಯಾನು ಹಾಕಿ, ತಾನು ಶಾಲು ಹೊದ್ದು ಕೂರುತ್ತಿದ್ದಳು.

ಆದರೂ ಅದು ಮುಂದಿನ ಮಳೆಗಾಲ ದಾಟಲಿಲ್ಲ. ಅದೇ ಮಿಟುಕು ದೀಪ.

ನಾನು ಫೋನು ಮಾಡಿದೆ. ಗ್ಯಾರಂಟಿ ಮುಗಿದಿದೆ ಎಂದರು. ಬದಲಿ ಕೊಟ್ಟದ್ದಕ್ಕೆ ಹೊಸ ಗ್ಯಾರಂಟಿ ಇರುವುದಿಲ್ಲವಂತೆ. ಆ ಮಾದರಿ ಈಗ ತಯಾರಿಕೆಯಲ್ಲೂ ಇಲ್ಲವಂತೆ. ಹಿಂದೆ ಒಬ್ಬರು ಮಾತಾಡಿದ್ದರಲ್ಲ, ಅವರನ್ನು ಕೊಡಿ ಎಂದು ಬೇಡಿದೆ. ಹಾಗೆ ಕೊಡಲು ಬರುವುದಿಲ್ಲ ಎಂದರು. ನನ್ನ ತಮ್ಮ ಊಟ ಬಿಡುತ್ತಾನೆ ಎಂದೆ. ಆ ಕಡೆಯ ಹುಡುಗಿ "ಕ್ಷಮಿಸಿ ಮೇಡಂ" ಎಂದಳು.

ಮಂಚದ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸದು ತರುತ್ತೇನೆ, ಬೇರೆ ಕಂಪನಿಯದು ತರುತ್ತೇನೆ ಎಂದೆ. ಬೇಡ ಎಂದ. ಮೂರು ದಿನ ಗೋಡೆ ನೋಡಿದ. ಗಂಜಿ ತುಟಿಯ ಬದಿಯಿಂದ ಇಳಿದು ದಿಂಬು ನೆನೆಯುತ್ತಿತ್ತು. ಡಾಕ್ಟರು ಹೊರಗೆ ಕರೆದು ಹೇಳಿದ ಮಾತು ನನ್ನ ಕಿವಿಯೊಳಗೇ ಇತ್ತು.

ನಾಲ್ಕನೆಯ ದಿನವಿರಬೇಕು, ಅಮ್ಮ ತಟ್ಟೆ ಹಿಡಿದು ಕೂತಿದ್ದಾಗ ಅವನು ಗೋಡೆಗೇ ಹೇಳಿದ: "ಕಂಪನಿಯವರ ತಪ್ಪಲ್ಲ. ನೀನು ಬಲ್ಬಿನ ಪೆಟ್ಟಿಗೇಲಿ ಇಟ್ಟೆ. ಅದಕ್ಕೇ ಹೋಯ್ತು."

"ಏ, ಇದನ್ನ ಅಮ್ಮ ಯಾವಾಗ ಇಟ್ಲೋ ಅದ್ರೊಳಗೆ? ಇದು—" ಎಂದು ನಾನು ಬಾಯಿ ತೆರೆದೆ.

ಅಮ್ಮ ನನ್ನ ಕಡೆ ನೋಡಿದಳು. ತಾನು ನೋಡಲೇ ಇಲ್ಲ ಎಂದು ಅವಳು ಆಮೇಲೆ ಹೇಳಿದ್ದುಂಟು. ನಾನು ಮಾತ್ರ ಅಲ್ಲಿಗೇ ನಿಲ್ಲಿಸಿದೆ.

"ಹೌದು ಮಗ" ಎಂದಳು. "ನಂದೇ ತಪ್ಪು. ಇದನ್ನೂ ರಾತ್ರಿ ಹೊತ್ತು ಇಟ್ಟಿದ್ದೆ, ಇವಳಿಗೆ ಗೊತ್ತಿಲ್ಲ. ನಾನೇ ಹಾಳು ಮಾಡ್ದೆ. ಅವರು ಪಾಪ ಎಂತ ಮಾಡ್ತಾರೆ."

"ಇಲ್ದಿದ್ರೆ ಕೆಡ್ತಿರ್ಲಿಲ್ಲ."

"ಇಲ್ದಿದ್ರೆ ಕೆಡ್ತಿರ್ಲಿಲ್ಲ ಮಗ. ಬಾ, ಊಟ ಮಾಡು."

ಅವನು ಕಂಬಿ ಹಿಡಿದು ಈ ಕಡೆ ಹೊರಳಿದ. ಅಮ್ಮನನ್ನು ಒಂದೆರಡು ಮಾತು ಬೈದ. ಅವಳು ಬೈಸಿಕೊಳ್ಳುತ್ತಲೇ ತುತ್ತಿಟ್ಟಳು. ತಟ್ಟೆ ಪೂರ್ತಿ ಖಾಲಿಯಾಯಿತು.

ಗೆದ್ದೆವು ಎಂದುಕೊಂಡು ನಾನು ಹಿತ್ತಿಲಿಗೆ ಹೋಗಿ ಅತ್ತೆ. ಸಂಜೆಗೆ ಅವನು ಮತ್ತೆ ಗೋಡೆಯ ಕಡೆ ತಿರುಗಿದ್ದ. ಅಮ್ಮ ತಟ್ಟೆ ತಂದು ಪಕ್ಕದಲ್ಲಿ ಕೂತು, "ನಂದೇ ತಪ್ಪು ಮಗ" ಎಂದು ಮೊದಲಿನಿಂದ ಶುರುಮಾಡಿದಳು. ಆ ಮಳೆಗಾಲ ಪೂರ್ತಿ ಪ್ರತಿ ಊಟಕ್ಕೂ ಮುಂಚೆ ಅವಳು ಅದನ್ನು ಹೇಳಬೇಕಾಯಿತು. ಹೇಳಿದಾಗಲೆಲ್ಲ ಅವನು ಉಂಡ.